ಕಪಾಟಿನ ಮೇಲೆ ಇಟ್ಟ ಕೋಲು

ನಮ್ಮ ಅಕ್ಕ ನಿಂತೇ ಊಟ ಮಾಡುತ್ತಿದ್ದಳು. ಅಂಗೈ ಮೇಲೆ ರೊಟ್ಟಿ, ರೊಟ್ಟಿಯ ಮೇಲೆಯೇ ಪಲ್ಯ, ಪಲ್ಯದ ಪಕ್ಕಕ್ಕೆ ಒಂದು ಹಸಿಮೆಣಸಿನಕಾಯಿ. ಬಾಗಿಲಿಗೆ ಒರಗಿ ನಿಂತು, ಓಣಿಯಲ್ಲಿ ಹೋಗಿಬರುವವರನ್ನು ಮಾತನಾಡಿಸುತ್ತ ತಿಂದು ಮುಗಿಸುವಳು. ಕೂತು ಉಣ್ಣು ಎಂದರೆ, ‘ಕುಂತರ ಹೊಟ್ಟಿ ಮಡಚ್ತದ. ಮಡಚಿದ ಚೀಲದಾಗ ಎಷ್ಟ್ ಹಿಡೀತದ?’ ಎನ್ನುವಳು.

ಮರಾಠಿ ಸೀಮೆಯ ಕಾರ್ಖಾನೆ ಊರು ಭೋಸರಿಯ ನಮ್ಮ ಓಣಿಯಲ್ಲಿ ಅವಳ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಕನ್ನಡದವರಿಗೂ ಅಕ್ಕ, ಮರಾಠಿಯವರಿಗೂ ಅಕ್ಕಾ. ಅವಳಿಗಿಂತ ಹಿರಿಯರಾದ ಮುದುಕರೂ ಹಾಗೆಯೇ ಕರೆಯುತ್ತಿದ್ದರು. ಅದಕ್ಕೆ ನಾನೂ ಇಲ್ಲಿ ಹೆಸರು ಬರೆಯುವುದಿಲ್ಲ. ನಾನು ಅವಳ ಒಡಹುಟ್ಟಿದ ತಮ್ಮ. ಅವಳು ತೀರಿಕೊಂಡ ಮೇಲೆ ನಮ್ಮ ಕನ್ನಡ ಸಂಘದವರು, ‘ಅಕ್ಕನ ಬಗ್ಗೆ ನಾಲ್ಕು ಒಳ್ಳೆ ಮಾತು ಬರೆದು ಕೊಡ್ರಿ, ಸಂಚಿಕೆಯಲ್ಲಿ ಹಾಕೋಣ’ ಎಂದರು. ಒಳ್ಳೆಯ ಮಾತು ಬೇಕಾದಷ್ಟಿವೆ. ಆದರೆ ಅವುಗಳ ಜೊತೆಗೆ ನನ್ನದೊಂದು ತಪ್ಪೂ ಇದೆ. ಅದನ್ನು ಬಿಟ್ಟು ಬರೆದರೆ ಅಕ್ಕ ಎಂಥವಳು ಎಂಬುದು ಅರ್ಧವೇ ತಿಳಿಯುತ್ತದೆ. ನಾನು ಊರಿನ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತವನು. ಬರವಣಿಗೆಯಲ್ಲಿ ಕೊರತೆ ಕಂಡರೆ ಸಂಭಾಳಿಸಿಕೊಳ್ಳಬೇಕು.

ನಮ್ಮ ಊರು ವಿಜಯಪುರದ ಆಚೆ. ಅಕ್ಕನ ಗಂಡ ಇಲ್ಲಿಯ ಒಂದು ಫೌಂಡ್ರಿಯಲ್ಲಿ ಕೆಲಸಕ್ಕಿದ್ದ. ಮದುವೆಯಾಗಿ ಬಹಳ ದಿನ ಆಗುವ ಮೊದಲೇ ತೀರಿಹೋದ. ಎಲ್ಲರೂ ಅವಳು ತವರಿಗೆ ಬರುತ್ತಾಳೆ ಎಂದುಕೊಂಡಿದ್ದರು. ಬಂದಳು, ಆದರೆ ಇರುವುದಕ್ಕಲ್ಲ. ಅವ್ವ ಸತ್ತು ಅಪ್ಪ ಇನ್ನೊಂದು ಮದುವೆಯಾಗಿದ್ದ. ನಾನು ಚಿಕ್ಕವನು. ‘ಇವನ್ನ ನಾ ಒಯ್ತೀನಿ’ ಎಂದು ಅಪ್ಪನಿಗೆ ಹೇಳಿ, ನನ್ನ ಕೈ ಹಿಡಿದು ಸೊಲ್ಲಾಪುರದ ಮೇಲೆ ಈ ಕಡೆ ಬರುವ ಗಾಡಿ ಹತ್ತಿಸಿದಳು.

ದಾರಿಯಲ್ಲಿ ದೌಂಡ ಸ್ಟೇಶನ್ನಿನಲ್ಲಿ ಗಾಡಿ ಬಹಳ ಹೊತ್ತು ನಿಲ್ಲುತ್ತದೆ ಎಂದು ಯಾರೋ ಹೇಳಿದ್ದರಿಂದ ಅಕ್ಕ ತಂಬಿಗೆ ಹಿಡಿದು ನೀರಿಗೆ ಇಳಿದಳು. ನಳದ ಮುಂದೆ ಸಾಲಿತ್ತು. ಅವಳ ಪಾಳಿ ಬಂದು ತಂಬಿಗೆ ತುಂಬುವಷ್ಟರಲ್ಲಿ ಗಾಡಿ ಹೊರಟಿತು. ನಾನು ಬಾಗಿಲಲ್ಲಿ ನಿಂತು ಬಾಯಿ ತೆಗೆದು ಅಳುತ್ತಿದ್ದೆ. ಅಕ್ಕ ಸೀರೆಯ ನಿರಿಗೆಯನ್ನು ಮೊಳಕಾಲಿನ ಮೇಲಕ್ಕೆ ಎತ್ತಿ ಹಿಡಿದು, ಪ್ಲಾಟ್‌ಫಾರ್ಮಿನ ಮಂದಿಯನ್ನೆಲ್ಲ ಸರಿಸುತ್ತ ಓಡಿ ಬಂದಳು. ಯಾರೋ ಕೈ ಕೊಟ್ಟು ಮೇಲೆಳೆದರು. ತಂಬಿಗೆಯಲ್ಲಿ ನೀರು ಇನ್ನೂ ಇತ್ತು. ಮೊದಲು ನನಗೆ ಕುಡಿಸಿದಳು, ಆಮೇಲೆ ಬೈದಳು. ‘ಅಳ್ತೀ ಯಾಕಲೇ? ಗಾಡಿಗೆ ಗಾಲಿ ಅದಾವಂದ್ರ ನನಗ ಕಾಲಿಲ್ಲೇನು?’

ಅವಳ ಕಾಲಿನ ಮೇಲೆ ಅವಳಿಗೆ ಅಷ್ಟು ಭರವಸೆ. ಇಲ್ಲಿಗೆ ಬಂದ ಮೇಲೆ ಅವಳು ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವ ಕೆಲಸ ಹಿಡಿದಳು. ಕಾರ್ಖಾನೆಯ ಹುಡುಗರು, ಸೊಲ್ಲಾಪುರ ಕಡೆಯವರು, ನಮ್ಮ ಕಡೆಯವರು, ಅಲ್ಲಿ ಉಣ್ಣುತ್ತಿದ್ದರು. ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಅವಳೇ ತಲುಪಿಸುವಳು. ರಿಕ್ಷಾ ಮಾಡು ಎಂದರೆ, ‘ರಿಕ್ಷಾದಾಗ ಹೋದ್ರ ದಾರ್ಯಾಗ ಯಾರ್ ಸಿಗ್ತಾರ?’ ಎನ್ನುವಳು. ಯಾರು ಸಿಗಬೇಕಾಗಿತ್ತೋ ತಿಳಿಯದು. ಸಿಕ್ಕವರೆಲ್ಲರನ್ನೂ ನಿಲ್ಲಿಸಿ ಮಾತನಾಡಿಸುವಳು. ಅವಳ ಮರಾಠಿ ಕೇಳಿ ಜನ ನಗುತ್ತಿದ್ದರು. ಮರಾಠಿಯ ಮಾತಿಗೆಲ್ಲ ನಮ್ಮ ‘ರೀ’ ಹಚ್ಚುವಳು. ಕೂಡ್ರಿ ಎನ್ನಲು ‘ಬಸಾ ರೀ’, ಉಣ್ರಿ ಎನ್ನಲು ‘ಜೇವಾ ರೀ’. ನಕ್ಕವರಿಗೆ, ‘ನಗ್ರಿ ನಗ್ರಿ, ನಿಮಗ ತಿಳೀತಲ್ಲ, ಮುಗೀತು’ ಎಂದು ಮುಂದೆ ಹೋಗುವಳು.

ನನ್ನನ್ನು ತಗಡು ಒತ್ತುವ ಒಂದು ಪ್ರೆಸ್‌ಶಾಪಿನಲ್ಲಿ ಹೆಲ್ಪರ್ ಆಗಿ ಸೇರಿಸಿದವಳು ಅವಳೇ, ನನಗೆ ಮದುವೆ ಮಾಡಿದವಳೂ ಅವಳೇ. ನನ್ನ ಮಗಳು ಸೊಲ್ಲಾಪುರಕ್ಕೆ ಮದುವೆಯಾಗಿ ಹೋದಳು. ಹೆಂಡತಿ ತೀರಿಕೊಂಡಳು. ಕೊನೆಗೆ ಮನೆಯಲ್ಲಿ ಮತ್ತೆ ನಾವಿಬ್ಬರೇ ಉಳಿದೆವು. ನಾನು ಪ್ರೆಸ್‌ಶಾಪಿನಿಂದ ನಿವೃತ್ತನಾಗಿ ಒಂದು ಗೋದಾಮಿನ ಗೇಟಿನಲ್ಲಿ ವಾಚ್‌ಮನ್ ಕೆಲಸಕ್ಕೆ ನಿಂತೆ, ಹಗಲು ಪಾಳಿ. ಅಕ್ಕ ಬುಟ್ಟಿ ಹೊರುವುದನ್ನು ಬಿಟ್ಟಿದ್ದಳು. ರೊಟ್ಟಿ ಬಡಿಯುವುದನ್ನು ಬಿಟ್ಟಿರಲಿಲ್ಲ.

ನಮ್ಮ ಮನೆ ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ. ಮೇಲೆ ಎಲ್ಲರಿಗೂ ಸೇರಿದ ಮಾಳಿಗೆ. ಆ ಮಾಳಿಗೆಗೆ ಅಕ್ಕನೇ ಒಡತಿ. ಬೇಸಿಗೆ ಬಂತೆಂದರೆ ಹಪ್ಪಳ, ಸಂಡಿಗೆ, ಶಾವಿಗೆ, ಖಾರಕ್ಕೆ ಮೆಣಸಿನಕಾಯಿ. ಯಾರದು ಎಲ್ಲಿ ಒಣಗಬೇಕು ಎಂಬುದು ಅವಳ ಹುಕುಂ. ಬಿಸಿಲು ಎಂದರೆ ಅವಳಿಗೆ ಬಲು ಪ್ರೀತಿ. ‘ಬಿಸಲಂದ್ರ ಫುಕಟ್ ಒಲಿ ನೋಡು. ಉರಸವ್ರು ಬ್ಯಾರೆ, ಬೇಯಿಸಿಕೊಳ್ಳವ್ರು ನಾವು’ ಎನ್ನುವಳು. ತಾನೂ ಸಂಡಿಗೆಯ ಜೊತೆಗೆ ಒಣಗುತ್ತ, ಕಾಗೆ ಓಡಿಸುತ್ತ ಮಧ್ಯಾಹ್ನದವರೆಗೆ ಅಲ್ಲೇ ಇರುವಳು. ಪಕ್ಕದ ಮನೆಯ ಸುಮನ್‌ಬಾಯಿ ಮರಾಠಿಯವರು, ಅವಳ ಗೆಳತಿ, ಅವಳ ಶತ್ರುವೂ ಹೌದು. ‘ಅಕ್ಕಾ, ಕಾಗೆಗಳಿಗೂ ನಿನ್ನ ಕನ್ನಡವೇ ತಿಳಿಯುವುದು, ನಾನು ಹಚಾ ಎಂದರೆ ಹೋಗುವುದೇ ಇಲ್ಲ’ ಎಂದು ಅವರು ಮರಾಠಿಯಲ್ಲಿ ಕಾಡಿಸುವರು. ‘ಅವಕ್ಕ ತಿಳೀತದ, ನಿನಗ ತಿಳಿಯಂಗಿಲ್ಲ. ಯಾರು ಶ್ಯಾಣ್ಯಾರು?’ ಎಂದು ಅಕ್ಕ ಕನ್ನಡದಲ್ಲಿಯೇ ಉತ್ತರ ಕೊಡುವಳು. ಇಬ್ಬರಿಗೂ ಎಲ್ಲ ತಿಳಿಯುತ್ತಿತ್ತು.

ಇಂಥವಳಿಗೆ ಒಂದು ದಿನ ಬೆಳಿಗ್ಗೆ ರೊಟ್ಟಿ ಬಡಿಯುವಾಗ ಲಕ್ವಾ ಹೊಡೆಯಿತು. ಎಡಗೈಯಿಂದ ಹಿಟ್ಟು ಜಾರಿತು. ಎತ್ತಿಕೊಳ್ಳಲು ಹೋದಳು, ಕೈ ಏಳಲಿಲ್ಲ. ಬಾಯಿ ಒಂದು ಕಡೆಗೆ ಜೋತಿತ್ತು. ನಾನೂ ಸುಮನ್‌ಬಾಯಿಯೂ ಅವಳನ್ನು ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ದಾರಿಯುದ್ದಕ್ಕೂ ಅವಳು ತೊದಲುತ್ತ ಒಂದೇ ಮಾತು ಹೇಳುತ್ತಿದ್ದಳು: ‘ತವಿ ಮ್ಯಾಲ ರೊಟ್ಟಿ ಅದ.’

ಜೀವ ಉಳಿಯಿತು. ಮಾತು ತಿರುಗಿ ಸರಿಯಾಯಿತು. ಎಡಗೈ ಬಹಳ ಸೋತಿತ್ತು. ಎಡಗಾಲು ಎಳೆಯುತ್ತಿತ್ತು, ಆದರೆ ನಿಲ್ಲುತ್ತಿತ್ತು. ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವ ಒಬ್ಬ ಮ್ಯಾಡಮ್ ಇದ್ದರು, ಚಿಕ್ಕ ವಯಸ್ಸಿನವರು. ಅವರು ಅಕ್ಕನನ್ನು ನಿಲ್ಲಿಸಿ, ಕೆಳಗೆ ನಾಲ್ಕು ಕಾಲುಗಳಿರುವ ಒಂದು ಕೋಲನ್ನು ಬಲಗೈಗೆ ಕೊಟ್ಟು ನಡೆಸುತ್ತಿದ್ದರು. ಅಕ್ಕ ಆ ಕೋಲನ್ನು ನೋಡಿ, ‘ಇದಕ್ಕ ನಾಕ್ ಕಾಲು, ನನಗೊಂದೂವರಿ. ಇದನ್ನ ನಾ ನಡಸಬೇಕೋ, ನನ್ನ ಇದು ನಡಸಬೇಕೋ?’ ಎಂದಳು. ಮ್ಯಾಡಮ್‌ಗೆ ಕನ್ನಡ ಬಾರದಿದ್ದರೂ ನಕ್ಕರು.

ಮನೆಗೆ ಕಳಿಸುವ ದಿನ ಆ ಮ್ಯಾಡಮ್ ನನ್ನನ್ನು ಮಂಚದ ಬಳಿ ಕರೆದು ಮರಾಠಿಯಲ್ಲಿ ಬಿಡಿಸಿ ಬಿಡಿಸಿ ಹೇಳಿದರು. ದಿನಾಲೂ ನಿಲ್ಲಿಸಬೇಕು, ಸೋತ ಕಾಲಿನ ಮೇಲೂ ಭಾರ ಬೀಳಬೇಕು, ಭಾರ ಬೀಳದಿದ್ದರೆ ಆ ಕಡೆಯ ಎಲುಬು ತೆಳುವಾಗುತ್ತದೆ. ಈ ವಯಸ್ಸಿನ ಹೆಂಗಸರ ಎಲುಬು ಮೊದಲೇ ಸೋತಿರುತ್ತದೆ. ಜೊತೆಗೆ ಯಾರಾದರೂ ಇದ್ದು ನಡೆಸಬೇಕು, ಬಿಸಿಲಲ್ಲಿ ಕೂಡಿಸಬೇಕು, ಹಾಲು ಮೊಸರು ಕೊಡಬೇಕು. ಕಾಲು ತೊಡರುವ ಚಾಪೆ, ವಾಯರು ತೆಗೆಯಬೇಕು, ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಒಂದು ಹಿಡಿಕೆ ಹಾಕಿಸಬೇಕು. ತಿಂಗಳೊಪ್ಪತ್ತಿನಲ್ಲಿ ತಿರುಗಿ ಕರೆದುಕೊಂಡು ಬನ್ನಿ, ಎಲುಬಿನ ತಪಾಸಣೆ ಮಾಡಿಸೋಣ, ಬೇಕಾದರೆ ಡಾಕ್ಟರು ಅದಕ್ಕೂ ಔಷಧ ಕೊಡುತ್ತಾರೆ. ನಾನು ‘ಹೋ ಹೋ’ ಎನ್ನುತ್ತ ತಲೆ ಆಡಿಸಿದೆ. ಕೇಳಿಸಲಿಲ್ಲ, ತಿಳಿಯಲಿಲ್ಲ ಎಂದು ಹೇಳುವಂತಿಲ್ಲ. ಎಲ್ಲ ಕೇಳಿಸಿತ್ತು, ಎಲ್ಲ ತಿಳಿದಿತ್ತು.

ಮನೆಗೆ ಬಂದ ಮೇಲೆ ಊರಿನಿಂದ ಸೋದರಮಾವನ ಫೋನು ಬಂತು. ‘ಲಕ್ವಾ ಹೊಡದವ್ರಿಗೆ ಗಾಳಿ ತಾಗಬಾರದೋ! ಕಿಡಕಿ ಬಾಗಲಾ ಮುಚ್ಚು. ಕಿವಿಗೆ ಅರಿವಿ ಕಟ್ಟು. ಮಸರು ಮಜ್ಜಿಗಿ ಅಂದ್ರ ಥಂಡಿ, ಅದರ ಹೆಸರ ಎತ್ತಬ್ಯಾಡ’ ಎಂದ. ನಮ್ಮ ಕಡೆ ಎಲ್ಲರೂ ಹೀಗೆಯೇ ಮಾಡುತ್ತಾರೆ. ನಮ್ಮ ಅಜ್ಜನಿಗೆ ಲಕ್ವಾ ಹೊಡೆದಾಗಲೂ ಅವನನ್ನು ಒಳಗಿನ ಕತ್ತಲೆಯ ಕೋಣೆಯಲ್ಲಿ ಕಂಬಳಿ ಹೊದಿಸಿ ಮಲಗಿಸಿದ್ದನ್ನು ನೋಡಿದ್ದೆ. ರೋಗಿಯನ್ನು ಜೋಪಾನ ಮಾಡುವುದೆಂದರೆ ಅದು ಎಂದೇ ನನ್ನ ತಲೆಯಲ್ಲಿತ್ತು. ಮ್ಯಾಡಮ್ ಹೇಳಿದ್ದು ಪುಸ್ತಕದ ಮಾತು, ಮಾವ ಹೇಳಿದ್ದು ಅನುಭವದ ಮಾತು ಎಂದುಕೊಂಡೆ. ಕಿಡಕಿ ಮುಚ್ಚಿದೆ. ಸಂದಿಯಲ್ಲಿ ಹಳೆಯ ಸೀರೆಯ ಚೂರು ತುರುಕಿದೆ. ಅಕ್ಕನ ತಲೆಗೆ ನನ್ನ ಮಫ್ಲರ್ ಸುತ್ತಿದೆ. ಬೇಸಿಗೆಯಲ್ಲೂ ಬಿಚ್ಚಲು ಬಿಡಲಿಲ್ಲ.

‘ಲೇ, ಇದೇನ್ ನನ್ನ ಮಂಗ್ಯಾ ಮಾಡಿಟ್ಟಿ?’ ಎಂದಳು ಅಕ್ಕ.

‘ಸುಮ್ಕಿರು. ಗಾಳಿ ತಾಗ್ತದ.’

‘ಗಾಳಿ ಇಲ್ದ ಮನಶ್ಯಾ ಹ್ಯಾಂಗ್ ಇರ್ತಾನೋ?’

ಮೊಸರು ಕೇಳಿದಳು, ಕೊಡಲಿಲ್ಲ. ರೊಟ್ಟಿ ಮುರಿದು ಮೊಸರಿನಲ್ಲಿ ಕಲಸಿ ತಿನ್ನುವುದು ಅವಳಿಗೆ ಹಬ್ಬದಡುಗೆಗಿಂತ ಹೆಚ್ಚು. ಹಾಲು ಎಂದರೆ ಚಹಾದಲ್ಲಿ ಬೀಳುವಷ್ಟೇ. ಇಷ್ಟು ಮಾತ್ರವಾಗಿದ್ದರೆ ತಿಳಿಗೇಡಿತನ ಎಂದು ನನ್ನನ್ನು ನಾನೇ ಕ್ಷಮಿಸಿಕೊಳ್ಳಬಹುದಿತ್ತು. ಮುಂದಿನದು ತಿಳಿದೂ ಮಾಡಿದ್ದು.

ಮೊದಲ ಕೆಲವು ದಿನ ಅವಳು ಕೋಲು ಹಿಡಿದು ಮನೆಯಲ್ಲಿ ಓಡಾಡುತ್ತಿದ್ದಳು. ಒಂದು ಸಂಜೆ ನಾನು ಕೆಲಸದಿಂದ ಬಂದಾಗ ಅವಳು ಮನೆಯಲ್ಲಿರಲಿಲ್ಲ. ಹೊರಗೆ ಮಾಳಿಗೆಯ ಮೆಟ್ಟಿಲಿನ ಬುಡದಲ್ಲಿ ನಿಂತಿದ್ದಳು. ಕೋಲಿನ ನಾಲ್ಕು ಕಾಲನ್ನು ಮೊದಲನೆಯ ಮೆಟ್ಟಿಲಿನ ಮೇಲೆ ಇಟ್ಟು, ಎಡಗಾಲನ್ನು ಎತ್ತಲು ನೋಡುತ್ತಿದ್ದಳು. ನಾನು ಓಡಿಹೋಗಿ ಅವಳ ರಟ್ಟೆ ಹಿಡಿದೆ.

‘ಅಕ್ಕಾ! ಬಿದ್ರ ಏನ್ ಗತಿ?’

‘ಬಿದ್ರ ಏಳ್ತೀನಿ. ಏಳೋದಕ್ಕ ಅಲ್ಲೇನು ಇದು ಕೊಟ್ಟಿದ್ದು?’

ಅವಳನ್ನು ಒಳಗೆ ಕರೆತಂದು ಮಂಚದ ಮೇಲೆ ಕೂಡಿಸಿದೆ. ಕೋಲನ್ನು ಕಪಾಟಿನ ಮೇಲೆ, ಗೋಡೆಯ ಕಡೆಗೆ ಸರಿಸಿ ಇಟ್ಟೆ. ಆಮೇಲೆ ಹೇಳಿದೆ, ‘ಡಾಕ್ಟರ್ ಏನ್ ಹೇಳ್ಯಾರ ಗೊತ್ತದೇನು? ಇನ್ನ ಕಾಲಿನ ಮ್ಯಾಲ ಭಾರ ಹಾಕೋ ಹಂಗಿಲ್ಲ. ಕುಂತಲ್ಲೇ ಇರಬೇಕಂತ.’

ಅಕ್ಕ ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ‘ಡಾಕ್ಟರ್ ಹೇಳ್ಯಾರ?’ ಎಂದಳು.

‘ಹೂಂ.’

‘ಹಂಗಾದ್ರ ಮುಗೀತು ಬಿಡು.’

ಅಂದಿನಿಂದ ಅವಳು ಕೋಲು ಕೇಳಲಿಲ್ಲ. ನಾನು ಬೆಳಿಗ್ಗೆ ಅವಳನ್ನು ಎತ್ತಿ ಬಚ್ಚಲಿಗೆ ಒಯ್ಯುವುದು, ತೊಳೆಯುವುದು, ಉಣಿಸಿ ಮಂಚದ ಮೇಲೆ ಕೂಡಿಸಿ ಕೆಲಸಕ್ಕೆ ಹೋಗುವುದು. ಮಧ್ಯಾಹ್ನ ಸುಮನ್‌ಬಾಯಿ ಬಂದು ನೋಡಿಕೊಳ್ಳುವರು. ಗೇಟಿನಲ್ಲಿ ಕೂತಾಗ ನನ್ನ ಮನಸ್ಸು ನಿಶ್ಚಿಂತೆಯಾಗಿರುತ್ತಿತ್ತು. ಎಲ್ಲಿದ್ದಾಳೆ? ಮಂಚದ ಮೇಲಿದ್ದಾಳೆ. ಈ ನಿಶ್ಚಿಂತೆಗೆ ನಾನು ಪ್ರೀತಿ ಎಂದು ಹೆಸರಿಟ್ಟುಕೊಂಡಿದ್ದೆ. ಜನ್ಮವೆಲ್ಲ ನಿಂತು ದುಡಿದವಳು, ಇನ್ನಾದರೂ ಕೂತು ಉಣ್ಣಲಿ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೆ. ಎಲ್ಲರೂ ‘ತಮ್ಮ ಅಂದ್ರ ಹಿಂಗಿರಬೇಕು’ ಎಂದು ಹೊಗಳುತ್ತಿದ್ದರು. ನಿಜವೇನೆಂದರೆ ಅವಳನ್ನು ದಿನಾಲೂ ಹಿಡಿದು ನಡೆಸಲು ನನಗೆ ಬೇಸರವಿತ್ತು, ಹೆದರಿಕೆಯೂ ಇತ್ತು. ಯಾವುದು ಹೆಚ್ಚು ಎಂದು ಇವತ್ತಿಗೂ ಹೇಳಲಾರೆ. ಆಸ್ಪತ್ರೆಗೂ ತಿರುಗಿ ಕರೆದೊಯ್ಯಲಿಲ್ಲ. ಹೋದರೆ ಆ ಮ್ಯಾಡಮ್ ಅಕ್ಕನ ಎದುರಿಗೇ, ನಡೆಸಿದಿರಾ ಎಂದು ಕೇಳುತ್ತಾರಲ್ಲ. ರಕ್ತದೊತ್ತಡದ ಗುಳಿಗೆ ಮಾತ್ರ ತಪ್ಪದೆ ತರುತ್ತಿದ್ದೆ.

ಅಕ್ಕ ಸಪ್ಪಗಾದಳು. ಮುಖ ಬಿಳುಚಿತು. ಎಡಗಾಲಿನ ಮೀನಖಂಡ ಕರಗಿ ಹೋಯಿತು. ಬಲಗಾಲನ್ನು ಮಾತ್ರ ಮಂಚದ ಕೆಳಗೆ ಇಳಿಬಿಟ್ಟು ಸುಮ್ಮನೆ ಆಡಿಸುತ್ತಲೇ ಇರುವಳು. ಸುಮನ್‌ಬಾಯಿಗೆ ಇದೆಲ್ಲ ಸರಿಕಾಣಲಿಲ್ಲ. ‘ತಮ್ಮಾ, ಅವಳನ್ನು ಹೊರಗೆ ಕೂಡಿಸು. ಉಪ್ಪಿನಕಾಯಿಯನ್ನಾದರೂ ನಾವು ಬಿಸಿಲಿಗೆ ಇಡುತ್ತೇವಲ್ಲ’ ಎಂದರು ಮರಾಠಿಯಲ್ಲಿ. ‘ನಮ್ಮ ಮಂದಿ ವಿಷಯ ನಮಗ ಗೊತ್ತದ’ ಎಂದು ನಾನು ಮುಖ ಮುರಿದೆ. ನಮ್ಮ ಮಂದಿಗಾಗಿ ತನ್ನ ಮಧ್ಯಾಹ್ನದ ನಿದ್ದೆ ಬಿಟ್ಟು ಬರುತ್ತಿದ್ದವರಿಗೆ ಆಡುವ ಮಾತಲ್ಲ ಅದು.

ಮತ್ತೆ ಬೇಸಿಗೆ ಬಂತು. ಮೇಲೆ ಸುಮನ್‌ಬಾಯಿ ಸಂಡಿಗೆ ಹಾಕಿದ್ದರು. ನಾನು ಗೇಟಿನಲ್ಲಿದ್ದೆ. ಮುಂದಿನದನ್ನು ಅವರಿಂದಲೂ ಅಕ್ಕನಿಂದಲೂ ಕೇಳಿದ್ದು. ಅವರು ಸ್ವಲ್ಪ ಹೊತ್ತು ಕೆಳಗೆ ಇಳಿದಿದ್ದರು. ಕಾಗೆಗಳು ಸೇರಿ ಗದ್ದಲ ಎಬ್ಬಿಸಿದವು. ಅಕ್ಕನಿಗೆ ಒಳಗೆ ಕೇಳಿಸಿತು. ‘ಏ ಸುಮನ್! ಕಾವಳೇ!’ ಎಂದು ಕಾಗೆಗಳ ಸುದ್ದಿಯನ್ನು ಮರಾಠಿಯಲ್ಲಿ ಕೂಗಿದಳು. ಕಿಡಕಿ ಮುಚ್ಚಿದ್ದರಿಂದ ಸುಮನ್‌ಬಾಯಿಗೆ ಸರಿಯಾಗಿ ಕೇಳಲಿಲ್ಲ. ಆಗ ಅಕ್ಕ ಮಂಚದ ಅಂಚು ಹಿಡಿದು ಎದ್ದಳು. ಗೋಡೆ ಹಿಡಿದು ಕಿಡಕಿಯತನಕ ಹೋದಳು, ಬಲಗೈಯಿಂದ ಸೀರೆಯ ಚೂರನ್ನು ಕಿತ್ತಳು, ಚಿಲಕ ತೆಗೆದಳು. ಕಿಡಕಿ ತೆರೆಯಿತು. ಅದನ್ನು ತೆರೆಯಲು ಗೋಡೆಯನ್ನು ಬಿಡಬೇಕಾಗಿತ್ತು. ಎಡಗಡೆಗೆ ವಾಲಿ ಬಿದ್ದಳು. ಬಿದ್ದ ಸಪ್ಪಳವೂ ದೊಡ್ಡದಿರಲಿಲ್ಲವಂತೆ. ಒದ್ದೆ ಬಟ್ಟೆಯ ಗಂಟು ಇಟ್ಟ ಹಾಗೆ ಎಂದರು ಸುಮನ್‌ಬಾಯಿ.

ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಕ್ಸ್‌ರೇ ಫೋಟೊ ತೆಗೆದಾಗಿತ್ತು. ಎಡಗಡೆಯ ಚಪ್ಪೆ, ಅಂದರೆ ಸೊಂಟಕ್ಕೆ ತೊಡೆ ಕೂಡುವ ಜಾಗದ ಎಲುಬು, ಮುರಿದಿತ್ತು. ಆ ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿ ಬಿದ್ದಿತ್ತು. ಅಕ್ಕ ಹಲ್ಲು ಕಚ್ಚಿ ಮಲಗಿದ್ದಳು. ಎಲುಬಿನ ಡಾಕ್ಟರು ಫೋಟೊವನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಬಲಗಡೆಯ ಎಲುಬು ಬೆಳ್ಳಗೆ ಕಾಣುತ್ತಿತ್ತು, ಎಡಗಡೆಯದು ಮಸುಕಾಗಿತ್ತು.

‘ಲಕ್ವಾ ಆದವರಿಗೆ ಇದೇ ದೊಡ್ಡ ಅಪಾಯ,’ ಎಂದರು ಮರಾಠಿಯಲ್ಲಿ. ‘ಸೋತ ಕಡೆಯ ಎಲುಬು ತೆಳುವಾಗುತ್ತದೆ, ಬೀಳುವುದೂ ಸೋತ ಕಡೆಗೇ. ಅದಕ್ಕೇ ನಾವು ನಡೆಸಿ, ನಡೆಸಿ ಎನ್ನುವುದು. ಇವರು ನಡೆಯುತ್ತಿದ್ದರೇ?’

ಇಲ್ಲ ಎಂದು ತಲೆ ಅಲ್ಲಾಡಿಸಿದೆ.

‘ಬಿಸಿಲಿಗೆ ಹೋಗುತ್ತಿದ್ದರೇ? ಎಲುಬಿನ ತಪಾಸಣೆ? ಏನೂ ಇಲ್ಲವೇ? ಮಲಗಿಕೊಂಡೇ ಇರಲು ಇವರಿಗೆ ಹೇಳಿದವರು ಯಾರು?’

ನಾನು ನೆಲ ನೋಡುತ್ತ ನಿಂತೆ. ಈಗ ಹೇಳಿಬಿಡಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಮಂಚದ ಮೇಲಿನಿಂದ ಅಕ್ಕನ ದನಿ ಬಂತು.

‘ಮೀಚ ಆಳಶೀ, ಸಾಹೇಬ ರೀ.’

ನಾನೇ ಸೋಮಾರಿ ಎಂದಳು. ಜನ್ಮದಲ್ಲಿ ಕೂತು ಒಂದು ರೊಟ್ಟಿ ತಿನ್ನದವಳು, ಅಷ್ಟು ನೋವಿನಲ್ಲಿ, ಡಾಕ್ಟರರ ಮುಂದೆ ತನ್ನನ್ನು ಸೋಮಾರಿ ಎಂದುಕೊಂಡಳು. ಸುಮನ್‌ಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದರು. ಡಾಕ್ಟರು ಅಕ್ಕನಿಗೇ ಬೈದರು, ಹೀಗೆ ಮಾಡಬಾರದು ಆಜಿ ಎಂದು. ಅಕ್ಕ, ‘ಚುಕಲಂ, ಚುಕಲಂ’ ಎಂದು ತಪ್ಪು ಒಪ್ಪಿಕೊಂಡಳು. ನಾನು ಆಗಲೂ ಸುಮ್ಮನಿದ್ದೆ. ಕೋಲು ಕಪಾಟಿನ ಮೇಲೆ ಇಟ್ಟದ್ದಕ್ಕಿಂತ ಆ ಸುಮ್ಮನಿದ್ದದ್ದು ನನಗೆ ಹೆಚ್ಚು ಚುಚ್ಚುತ್ತದೆ.

ಆಪರೇಶನ್ ಆಯಿತು, ರಾಡು ಹಾಕಿದರು. ಮರುದಿನವೇ ಅದೇ ವ್ಯಾಯಾಮದ ಮ್ಯಾಡಮ್ ಬಂದು ಅವಳನ್ನು ಎಬ್ಬಿಸಿ ನಿಲ್ಲಿಸಿದರು. ನಾನು ನೋಡಲಾರದೆ ಮುಖ ತಿರುಗಿಸಿದೆ. ‘ಇಲ್ಲಿ ನೋಡಲೇ,’ ಎಂದಳು ಅಕ್ಕ, ಬೆವರುತ್ತ, ‘ನಿಂತೀನಿ.’

ಮನೆಗೆ ಬಂದ ಮೇಲೆ ನಾನು ಕೆಲಸ ಬಿಟ್ಟೆ. ಮಗಳು ತಿಂಗಳಿಗಿಷ್ಟು ಕಳಿಸತೊಡಗಿದಳು. ಕಿಡಕಿ ಮತ್ತೆ ಮುಚ್ಚಲಿಲ್ಲ. ಬಚ್ಚಲಿಗೆ ಹಿಡಿಕೆ ಹಾಕಿಸಿದೆ. ಡಾಕ್ಟರು ಎಲುಬಿಗೆಂದು ಕೊಟ್ಟ ಔಷಧ ಶುರುವಾಯಿತು, ಮೊಸರು ಶುರುವಾಯಿತು. ಮಾವ ಫೋನಿನಲ್ಲಿ ಬೈದ, ನಾನು ಅವನಿಗೆ ತಿರುಗಿ ಬೈದೆ. ಅಕ್ಕನಿಗೆ ಈಗ ವಾಕರ್ ಬಂದಿತ್ತು. ಸೋತ ಎಡಗೈಯನ್ನು ಅದರ ಪಟ್ಟಿಗೆ ಕಟ್ಟಿ, ಹಿಂದೆ ನಾನು ಸೊಂಟ ಹಿಡಿದು, ಬೆಳಿಗ್ಗೆ ಓಣಿಗೆ ಹೊರಡುತ್ತಿದ್ದೆವು. ಬಾಗಿಲಿನಿಂದ ಸುಮನ್‌ಬಾಯಿಯ ಬಾಗಿಲತನಕ, ಅಲ್ಲಿ ಬಿಸಿಲಿನಲ್ಲಿ ಕುರ್ಚಿ. ಹೋಗುವುದಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು. ದಾರಿಯಲ್ಲಿ ಸಿಕ್ಕವರೆಲ್ಲ ನಿಂತು ಮಾತನಾಡಿಸುತ್ತಿದ್ದರು. ‘ಮೆರವಣಿಗಿ ಹೊಂಟದ, ಹೂವಾ ಹಾಕ್ರಿ’ ಎನ್ನುವಳು ಅಕ್ಕ.

ಅಂಥ ಒಂದು ಬೆಳಿಗ್ಗೆ, ಅವಳನ್ನು ಕುರ್ಚಿಯಲ್ಲಿ ಕೂಡಿಸಿ ನಾನು ಕೆಳಗೆ ಕಟ್ಟೆಯ ಮೇಲೆ ಕೂತೆ. ಹೇಗೆ ಧೈರ್ಯ ಬಂತೋ ಗೊತ್ತಿಲ್ಲ.

‘ಅಕ್ಕಾ, ಒಂದ್ ಮಾತು.’

‘ಹೇಳು.’

‘ಏಳಬಾರದು ಅಂತ ಡಾಕ್ಟರ್ ಹೇಳಿರಲಿಲ್ಲ. ನಾನ ಸುಳ್ಳ್ ಹೇಳೀನಿ.’

ಅಕ್ಕ ಬಿಸಿಲಿಗೆ ಕಣ್ಣು ಮುಚ್ಚಿದ್ದಳು, ತೆರೆಯಲಿಲ್ಲ. ‘ಗೊತ್ತದ’ ಎಂದಳು.

‘ಹ್ಯಾಂಗ?’

‘ಆ ಹುಡುಗಿ ನನ್ನ ಮಂಚದ ಮಗ್ಗಲಕ್ಕ ನಿಂತು ಹೇಳಲಿಲ್ಲೇನು? ಲಕ್ವಾ ಹೊಡದದ್ದು ಕೈಕಾಲಿಗೆ. ಕಿವಿಗಲ್ಲ.’

ಅಷ್ಟು ದಿನ, ಆ ಮುಚ್ಚಿದ ಕೋಣೆಯಲ್ಲಿ, ಎಲ್ಲ ತಿಳಿದೇ ಕೂತಿದ್ದಳು.

‘ಮತ್ತ ಯಾಕ ಸುಮ್ಮ ಕುಂತಿ? ಬೈಬೇಕಿತ್ತಿಲ್ಲೋ! ಕೋಲು ಕೊಡು ಅನಬೇಕಿತ್ತಿಲ್ಲೋ!’

‘ಆವತ್ತ ಮಾಳಿಗಿ ಪಾಂವಟಗಿ ಬುಡಕ ನನ್ನ ನೋಡಿದಾಗ ನಿನ್ನ ಮಾರಿ ನೀ ನೋಡಿಕೊಂಡಿಲ್ಲ. ಸಣ್ಣಾವಿದ್ದಾಗ ಗಾಡಿ ಬಾಗಲದಾಗ ನಿಂತು ಅತ್ತ ಮಾರಿ ಅದು. ಇವ ಇಷ್ಟ ಅಂಜ್ಯಾನಂದ್ರ ನಾಕ್ ದಿನ ಕೂಡೂನು, ಅಂಜಿಕಿ ಹೋದ ಮ್ಯಾಲ ತಾನ ಕೋಲು ಇಳಸ್ತಾನ ಅಂದ್ಕೊಂಡೆ.’ ಬಲಗೈಯಿಂದ ಎಡಗೈಯನ್ನು ಮಡಿಲಿಗೆ ಎಳೆದುಕೊಂಡು ಹೇಳಿದಳು, ‘ನೀ ಇಳಸಲಿಲ್ಲ.’

ಓಣಿಯಲ್ಲಿ ತರಕಾರಿಯವನು ಗಾಡಿ ತಳ್ಳಿಕೊಂಡು ಹೋದ.

‘ನಿನಗ ಸಿಟ್ಟು ಬಂದಿಲ್ಲೇನು?’ ಎಂದೆ.

‘ಬಂದದಲ್ಲ! ಯಾಕ ಬರಬಾರದು? ನನ್ನ ಕಾಲು, ನನ್ನ ಎಲುಬು. ಕೇಳಬೇಕಿತ್ತಿಲ್ಲೋ ನನ್ನ?’ ಕಣ್ಣು ತೆರೆದು ನನ್ನನ್ನು ನೋಡಿದಳು. ‘ಇನ್ನಾ ಇಳದಿಲ್ಲ ಆ ಸಿಟ್ಟು. ಇಳದಾಗ ಹೇಳ್ತೀನಿ. ಈಗ ಎಬ್ಬಸು, ಬಿಸಲು ಸರೀತು.’

ಎಬ್ಬಿಸಿದೆ. ಅಂದು ಅವಳು ಸುಮನ್‌ಬಾಯಿಯ ಬಾಗಿಲು ದಾಟಿ ಇನ್ನೂ ಮುಂದೆ ನಡೆದಳು. ಮಳೆಗಾಲವಿಡೀ ಮನೆಯೊಳಗೆ ನಡೆದಳು. ನಾನು ಅವಳ ಸಿಟ್ಟು ಇಳಿಯುವುದನ್ನು ಕಾಯುತ್ತಿದ್ದೆ. ಕೇಳಲು ಹೆದರಿಕೆ. ಅವಳು ನನ್ನ ಮೇಲೆ ರೇಗುವಳು, ನಗುವಳು, ಉಪ್ಪು ಹೆಚ್ಚಾಯಿತು ಎಂದು ತಾಟು ಸರಿಸುವಳು. ಆ ಮಾತು ಮಾತ್ರ ಎತ್ತಲಿಲ್ಲ.

ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿತು. ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದೆವು. ಚಪ್ಪೆ ಮುರಿದ ಮೇಲೆ ಶರೀರ ಮೊದಲಿನಂತೆ ಗಟ್ಟಿಯಾಗಿರುವುದಿಲ್ಲ, ಇಂಥದ್ದು ಬಂದರೆ ತಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿದರು. ಆ ಮಾತು ಬಂದೀತೆಂದು ನಾನು ಅವಳ ಬಾಯನ್ನೇ ನೋಡುತ್ತ ಮಂಚದ ಪಕ್ಕಕ್ಕೆ ನಿಂತಿದ್ದೆ. ಒಂದು ಸಲ ನೀರು ಕೇಳಿದಳು. ಮಧ್ಯಾಹ್ನ ಕಣ್ಣು ತೆರೆದು, ಮೂಗಿನ ನಳಿಗೆಯನ್ನು ಸರಿಸಿ, ‘ಉಂಡಿಯೇನು?’ ಎಂದಳು.

‘ಉಂಡೀನಿ ಅಕ್ಕಾ.’

‘ಸುಳ್ಳ’ ಎಂದಳು. ಸುಳ್ಳೇ ಆಗಿತ್ತು. ಬೆಳಿಗ್ಗೆಯಿಂದ ಚಹಾ ಬಿಟ್ಟು ಏನೂ ಮುಟ್ಟಿರಲಿಲ್ಲ.

ನಾನು ಕೆಳಗಿಳಿದು ಹೋದೆ. ಗೇಟಿನ ಹೊರಗೆ ಪೋಹೆಯ, ಅಂದರೆ ಅವಲಕ್ಕಿಯ, ಗಾಡಿಯಿತ್ತು. ಒಂದು ಕಾಳು ಬಿಡದೆ ತಿಂದೆ, ನೀರು ಕುಡಿದೆ, ಮೇಲೆ ಹತ್ತಿ ಬಂದೆ. ಅವಳು ಕಣ್ಣು ಮುಚ್ಚಿದ್ದಳು. ಕಿವಿಯ ಹತ್ತಿರ ಬಾಗಿದೆ.

‘ಅಕ್ಕಾ, ಈಗ ಖರೇನ ಉಂಡು ಬಂದೀನಿ.’

‘ಹೂಂ’ ಎಂದಳು.

ಮತ್ತೆ ಮಾತನಾಡಲಿಲ್ಲ. ಮರುದಿನ ಹೋದಳು. ಸಿಟ್ಟು ಇಳಿಯಿತೆಂದು ನನಗೆ ಹೇಳಲಿಲ್ಲ. ಅಷ್ಟು ದೊಡ್ಡ ಸುಳ್ಳು ಹೇಳಿದ್ದವನ ಆ ಒಂದು ಸಣ್ಣ ಮಾತನ್ನು ಮಾತ್ರ ಅವಳು ನಂಬಿದಳು.